ಮಡಚಿಕೊಂಡ ಸರಪಳಿ

ಅಮೈನೋ ಆಮ್ಲದ ಅಣುವಿಗೆ ಬಾಲದಂತೆ ಅಂಟಿಕೊಂಡಿರುವ ಪಾರ್ಶ್ವ ಸರಪಳಿ ನೀರಿನಲ್ಲಿ ಯಾವ ಆಕಾರ ತಾಳುತ್ತದೆ? ಪ್ರೊಫೆಸರ್ ಶೇಷಗಿರಿಯವರ ಆಯುಷ್ಯವೆಲ್ಲ ಇದನ್ನು ಹುಡುಕುವುದರಲ್ಲೇ ಕಳೆದಿತ್ತು. ಅದು ನೆಟ್ಟಗೆ ಚಾಚಿಕೊಂಡಿರುತ್ತದೆ ಎಂದು ಅವರು ಬರೆದಿದ್ದರು. ಅವರ ವಿದ್ಯಾರ್ಥಿನಿ ಇಂದುಮತಿ ಮಾತ್ರ, ಒಂದು ಆಮ್ಲದಲ್ಲಿ ಸರಪಳಿ ಮಡಚಿಕೊಳ್ಳುತ್ತದೆ ಎಂದು ತನ್ನ ಪ್ರಯೋಗದ ಅಂಕಿಗಳನ್ನು ತಂದು ಮುಂದಿಟ್ಟಳು.

"ಕೆಲಸ ಬರದವರು ಹೀಗೇ ಬರೆಯೋದು" ಎಂದು ಅವರು ಎಲ್ಲರೆದುರೇ ಹಾಳೆಗಳನ್ನು ಎಸೆದಿದ್ದರು. ಮರುವಾರವೇ ಆಕೆ ಸಂಶೋಧನೆ ಬಿಟ್ಟು ಹೋದಳು.

ಹನ್ನೊಂದು ವರ್ಷದ ಮೇಲೆ, ಹೊಸದಾಗಿ ಬಂದ ಯಂತ್ರದಲ್ಲಿ ಅದೇ ಆಮ್ಲವನ್ನು ನೀರಿನಲ್ಲಿ ಕರಗಿಸಿ ನೋಡಿದಾಗ ಸರಪಳಿ ಮಡಚಿಕೊಂಡೇ ಇತ್ತು. ಶೇಷಗಿರಿಯವರಿಗೆ ಅನ್ನ ಸೇರಲಿಲ್ಲ. ಒಬ್ಬ ಹುಡುಗಿಯ ಬದುಕನ್ನೇ ಹಾಳು ಮಾಡಿದೆನಲ್ಲ ಎಂದು ಒಳಗೊಳಗೇ ಬೆಂದು, ಕೊನೆಗೆ ಆಕೆ ಪಾಠ ಹೇಳುತ್ತಿದ್ದ ಪಿಯು ಕಾಲೇಜನ್ನು ಹುಡುಕಿಕೊಂಡು ಬಸ್ಸು ಹತ್ತಿದರು.

ಸ್ಟಾಫ್ ರೂಮಿನಲ್ಲಿ ಆಕೆ ಎದ್ದು ನಿಂತಳು. ಅವರು ಕೂರಲೂ ಇಲ್ಲ. ಹೊಸ ಫಲಿತಾಂಶದ ಹಾಳೆಯನ್ನು ಆಕೆಯ ಕೈಗಿಟ್ಟರು.

"ನೀನು ಹೇಳಿದ್ದೇ ಸರಿ ಕಣಮ್ಮಾ. ತಪ್ಪು ನನ್ನದು. ನಿನ್ನ ಹೆಸರನ್ನೇ ಮೊದಲು ಹಾಕಿ ಪ್ರಬಂಧ ಕಳಿಸ್ತೀನಿ. ನನ್ನನ್ನ ಕ್ಷಮಿಸಿಬಿಡು."

ಆಕೆ ಹಾಳೆಯನ್ನು ಓದಿ ಅವರ ಕೈಗೇ ಹಿಂತಿರುಗಿಸಿದಳು.

"ನನ್ನ ಹೆಸರು ಹಾಕಬೇಡಿ ಸರ್."

"ಇನ್ನೂ ಕೋಪ ಹೋಗಿಲ್ವಾ?"

"ಕೋಪ ಅಲ್ಲ ಸರ್. ನಾನು ಆ ಪ್ರಯೋಗ ಮಾಡಿರಲೇ ಇಲ್ಲ. ಆ ಅಂಕಿಗಳನ್ನೆಲ್ಲ ಹಾಸ್ಟೆಲಿನಲ್ಲಿ ಕೂತು ಮನಸ್ಸಿಗೆ ಬಂದಂತೆ ಬರೆದಿದ್ದೆ."