ಸೂತಕದ ಕಾರು

"ಸೀಟು ಮುಟ್ಟಬೇಡ! ಸ್ಟೀರಿಂಗೂ ಮುಟ್ಟಬೇಡ ಕಣಯ್ಯ!"

ಅನಂತರಾಮಯ್ಯನವರು ಕೂಗಿದ ರಭಸಕ್ಕೆ ಮೆಕ್ಯಾನಿಕ್ ಕದರಯ್ಯನ ಕೈಯಿಂದ ಸ್ಪ್ಯಾನರ್ ಜಾರಿತು. ಗುಬ್ಬಿಯ ಕೊಬ್ಬರಿ ಮಂಡಿಯೊಂದರ ಹಿತ್ತಲು. ತಗಡಿನ ಸೂರಿನ ಕೆಳಗೆ ಎರಡೇ ಸೀಟಿನ, ಚಾವಣಿಯಿಲ್ಲದ ವಿಲಾಯತಿ ಕಾರು. ಪಲ್ಟಿ ಹೊಡೆದದ್ದೆಂದು ನೋಡಿದರೇ ತಿಳಿಯುತ್ತಿತ್ತು. ಮುಂದಿನ ಗಾಜಿಲ್ಲ, ಬಾನೆಟ್ ನೆಗ್ಗಿದೆ, ಒಂದು ಬಾಗಿಲು ಕಳಚಿ ಗೋಡೆಗೆ ಒರಗಿದೆ.

"ಈ ಸೀಟು ನಿಮ್ ಗಾಡೀದಕ್ಕಿಂತ ಚೆನ್ನಾಗೈತೆ ಸ್ವಾಮಿ," ಎಂದ ಕದರಯ್ಯ.

"ಚೆನ್ನಾಗಿರದೆ ಏನು? ಯಜಮಾನನನ್ನೇ ನುಂಗಿ ಕೂತಿದೆ."

ಅವರು ದನಿಯನ್ನೇನೂ ತಗ್ಗಿಸಲಿಲ್ಲ. ಗಾಡಿಯ ಒಡತಿ ಗಂಗಾಂಬಿಕೆ ಹತ್ತು ಅಡಿ ದೂರದಲ್ಲಿ, ಹಣೆಯ ತುಂಬ ವಿಭೂತಿ ಧರಿಸಿ, ಕಂಬ ಹಿಡಿದು ನಿಂತಿದ್ದರು. ಅವರ ಗಂಡ ಏಕಾಂತಯ್ಯ ತೀರಿಹೋಗಿ ಆರು ವರ್ಷ. ಕಾರಿನ ಹುಚ್ಚಿನ ಮನುಷ್ಯ, ಕೊನೆಗೆ ಕಾರಿನಲ್ಲೇ ಹೋದ ಎಂದು ಗುಬ್ಬಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

"ಗಾಡಿಯಲ್ಲೇ ಹೋದರಂತಲ್ಲಮ್ಮ ನಿಮ್ಮ ಯಜಮಾನರು?"

"ಹೌದು ಸ್ವಾಮಿ. ಸ್ಟೀರಿಂಗ್ ಮೇಲೆ ಇಟ್ಟ ಕೈ ಇಟ್ಟ ಹಾಗೇ ಇತ್ತು. ಮುಖದಲ್ಲಿ ನೋವಿನ ಗುರುತೂ ಇರ್ಲಿಲ್ಲ. ಶಿವ ಕರ್ಕೊಂಡ."

"ಶಾಂತಿಗೀಂತಿ ಮಾಡಿಸಿದಿರೋ?"

"ನಮ್ಮಲ್ಲಿ ಸೂತಕ ಅನ್ನೋದಿಲ್ಲ ಸ್ವಾಮಿ. ಈ ಗಾಡಿಗೆ ಯಾಕೆ ಹೆದರ್ತೀರಿ? ಇದು ಯಾರಿಗೂ ಏನೂ ಮಾಡಿಲ್ಲ. ನಮ್ಮೆಜಮಾನ್ರು..."

ಮಾತು ಮುಗಿಯುವ ಮುಂಚೆಯೇ ಅನಂತರಾಮಯ್ಯ ಬೆನ್ನು ತಿರುಗಿಸಿದರು. ಸೂತಕವೇ ಇಲ್ಲವೆನ್ನುವವರ ಬಾಯಿಂದ ಇನ್ನೇನು ಕೇಳುವುದು?

ಅವರ ಭಯಕ್ಕೂ ಕಾರಣವಿತ್ತು. ಇಪ್ಪತ್ತೇಳು ತುಂಬಿದ ಒಬ್ಬಳೇ ಮಗಳು ಕೌಸಲ್ಯಳಿಗೆ ಕಡೆಗೂ ಕುಣಿಗಲ್ಲಿನ ಸಂಬಂಧವೊಂದು ಕೂಡಿಬಂದಿತ್ತು. ಬೀಗರಾಗಲಿರುವ ಸೀತಾರಾಮಯ್ಯನವರು ಮಹಾ ಶಾಸ್ತ್ರಸ್ಥರು. ಹಿಂದೆ ಒಂದು ಕಡೆ, ಹೆಣ್ಣಿನವರು ಕೊಡಲಿದ್ದ ಮಂಚದ ಮೇಲೆ ಯಾರೋ ಪ್ರಾಣ ಬಿಟ್ಟಿದ್ದರೆಂದು ತಿಳಿದು, ಹಾಕಿದ ಚಪ್ಪರದಿಂದಲೇ ಮಗನನ್ನು ಎಬ್ಬಿಸಿಕೊಂಡು ಹೋದವರು. ಅಂಥವರೆದುರು ಅನಂತರಾಮಯ್ಯ ಜಂಬ ಕೊಚ್ಚಿಕೊಂಡಿದ್ದರು: "ವರಪೂಜೆಯ ದಿನ ಅಳಿಯಂದಿರನ್ನು ದೊರೆಗಳ ಕಾರಿನಲ್ಲಿ ಕರೆತರುತ್ತೇನೆ."

ಕಾರು ಇತ್ತು, ಓಡುತ್ತಿರಲಿಲ್ಲ. ಬೆಂಗಳೂರಿನ ದಲ್ಲಾಳಿಯೊಬ್ಬನಿಂದ ಕೊಂಡದ್ದು. ದೊರೆಯೊಬ್ಬ ಇಂಗ್ಲೆಂಡಿಗೆ ಹೋಗುವಾಗ ಮಾರಿದ್ದು, ಗಾಡಿಯ ನೋಂದಣಿ ಪುಸ್ತಕ ಕಳೆದುಹೋಗಿ ಹೊಸದು ಮಾಡಿಸಿದ್ದು ಎಂದು ಅವನು ಹೇಳಿದ. ಮೈಮೇಲೆ ಒಂದು ಗೀರಿಲ್ಲ. ವರ್ಷಗಟ್ಟಲೆ ನಿಂತು ಎಂಜಿನ್ ಮಾತ್ರ ಹಿಡಿದುಕೊಂಡಿತ್ತು. ಅಂಥದೇ ಇನ್ನೊಂದು ಗಾಡಿ ಈ ಸೀಮೆಯಲ್ಲಿ ಇದ್ದದ್ದು ಗುಬ್ಬಿಯ ಈ ಹಿತ್ತಲಿನಲ್ಲಿ ಮಾತ್ರ.

ಗುಬ್ಬಿಯ ಗಾಡಿಯಿಂದ ಭಾಗಗಳನ್ನು ಬಿಚ್ಚಿ ತಂದು, ತುಮಕೂರಿನ ಶಿರಾ ಗೇಟಿನ ಕದರಯ್ಯನ ಶೆಡ್ಡಿನಲ್ಲಿ ಎರಡು ತಿಂಗಳು ಕೆಲಸ ನಡೆಯಿತು. ಮೈಲಿಗೆಯ ತೀರ್ಮಾನವನ್ನು ಅನಂತರಾಮಯ್ಯನವರೇ ಕೊಟ್ಟರು. ಎಣ್ಣೆಯಲ್ಲಿ ಮುಳುಗಿರುವುದಕ್ಕೆ ಮೈಲಿಗೆಯಿಲ್ಲ. ಆದ್ದರಿಂದ ಗೇರ್‌ಬಾಕ್ಸ್ ಬರಬಹುದು, ಪಿಸ್ಟನ್ ಬರಬಹುದು. ಲೋಹವನ್ನು ಹುಣಿಸೆಹಣ್ಣು ಹಚ್ಚಿ ತೊಳೆದರೆ ಶುದ್ಧ; ಆದ್ದರಿಂದ ಕಾರ್ಬುರೇಟರ್ ಬರಬಹುದು. ಚರ್ಮ, ಬಟ್ಟೆ, ಮನುಷ್ಯನ ಮೈ ಸೋಕಿದ್ದು ಏನೂ ಕೂಡದು.

"ಆಕ್ಸಿಲರೇಟರ್ ಪೆಡಲ್ಲು?" ಕದರಯ್ಯ ಕೇಳಿದ. "ಕಾಲು ಸೋಕೈತೆ. ಆದ್ರೆ ಲೋಹ. ಏನ್ ಮಾಡ್ಲಿ ಸ್ವಾಮಿ, ಮಠಕ್ಕೆ ಕಾಗದ ಬರೀಲಾ?"

"ತಲೆಹರಟೆ ಬೇಡ. ಗೋಮೂತ್ರ ಹಾಕಿ ತೊಳಿ."

"ತೊಳೀತೀನಿ ಬುಡಿ. ತುಕ್ಕು ಹಿಡಿದ್ರೆ ನನ್ ಕೇಳ್ಬೇಡಿ."

ಭಾಗಗಳು ಉಜ್ಜದೆ, ತಟ್ಟದೆ ಕೂತವು. ಒಂದೇ ಕೈಯಲ್ಲಿ ಪಳಗಿದ ಜೋಡಿ ಎತ್ತುಗಳ ಹಾಗೆ ಇವೆರಡೂ ಎಂದು ಕದರಯ್ಯ ಬೆರಗಾದ. ಅನಂತರಾಮಯ್ಯ ನಕ್ಕರು. ದೊರೆಯ ಕಾರೆಲ್ಲಿ, ಕೊಬ್ಬರಿ ಸಾಹುಕಾರನ ಹೆಣದ ಗಾಡಿಯೆಲ್ಲಿ!

ವರಪೂಜೆಯ ಸಂಜೆ ಕಾರು ಕುಂಕುಮದ ಬಣ್ಣದಲ್ಲಿ ಮಿಂಚುತ್ತ ಶೆಡ್ಡಿನ ಮುಂದೆ ನಿಂತಿತು. ಮಲ್ಲಿಗೆ ದಂಡೆ ಕಟ್ಟಿದ್ದರು. ಮಗನನ್ನು ಕೂರಿಸುವ ಮೊದಲು ತಾವೇ ನೋಡಬೇಕೆಂದು ಸೀತಾರಾಮಯ್ಯನವರು ಬಂದಿದ್ದರು. ಅದೇ ಹೊತ್ತಿಗೆ ಬಸ್ಸಿಳಿದು ಗಂಗಾಂಬಿಕೆಯೂ ಬಂದರು. ಗಾಡಿ ಓಡುತ್ತದೆ, ಬಂದು ನೋಡಿ ಎಂದು ಕದರಯ್ಯನೇ ಹೇಳಿ ಕಳಿಸಿದ್ದ.

ಅನಂತರಾಮಯ್ಯನವರು ಕಾರು ಬಿಟ್ಟು ಧಾವಿಸಿದರು. ಈ ಹೆಂಗಸು ಗೇರ್‌ಬಾಕ್ಸಿನ ಮಾತೆತ್ತಿದರೆ ಕೌಸಲ್ಯಳ ಗತಿ?

"ಎದುರು ಬರಬೇಡಿ ಅಮ್ಮ," ಎಂದು ಅಡ್ಡ ನಿಂತರು. "ಮದುಮಗನನ್ನು ಕೂರಿಸೋ ಗಾಡಿ. ನಿಮಗೇ ತಿಳೀಬೇಕು."

ಗಂಗಾಂಬಿಕೆ ಪಕ್ಕಕ್ಕೆ ಸರಿದು ಕಾರಿನ ಬಾಗಿಲ ಬಳಿ ನಿಂತರು.

"ಯಾರ ಗಾಡಿ ಇದು ಮೊದಲು?" ಸೀತಾರಾಮಯ್ಯ ಕೇಳಿದರು. "ಅಶುಭ ಏನೂ ನಡೆದಿಲ್ಲ ತಾನೇ?"

"ಶಿವ ಶಿವ! ದೊರೆಯೊಬ್ಬನದು ರಾಯರೇ. ಒಂದು ಗೀರು ತೋರಿಸಿ ನೋಡೋಣ."

ಸೀತಾರಾಮಯ್ಯ ಬಗ್ಗಿ, ಡ್ರೈವರ್ ಸೀಟಿನ ಅಂಚನ್ನು ಬೆರಳಿನಿಂದ ಸವರಿದರು. ಹರಿದ ಚರ್ಮವನ್ನು ಯಾರೋ ಸಣ್ಣ ಸಣ್ಣ ಎಳೆಗಳಲ್ಲಿ ಕೂಡಿಸಿದ್ದರು.

"ಈ ಹೊಲಿಗೆ?"

"ದೊರೆಸಾನಿಯದು. ಏನು ನಯ ನೋಡಿ! ನಮ್ಮ ಕಡೆ ಹೆಂಗಸರಿಗೆ ಬರುತ್ತದೆಯೇ?"

ಗಂಗಾಂಬಿಕೆಯ ಕೈ ತಾನಾಗಿಯೇ ಆ ಹೊಲಿಗೆಯ ಮೇಲೆ ಹೋಯಿತು.

"ನಂದು ಸ್ವಾಮಿ, ಈ ಹೊಲಿಗೆ," ಎಂದರು, ಹೇಳಬಾರದ್ದೇನನ್ನೋ ಹೇಳುತ್ತಿದ್ದೇನೆಂಬ ಅರಿವೂ ಇಲ್ಲದೆ. "ಹಿತ್ತಲಲ್ಲಿರೋ ಆ ಪಲ್ಟಿ ಹೊಡೆದ ಗಾಡಿಯಿಂದ ನಮ್ಮೆಜಮಾನ್ರು ರಾಗಿ ಹೊಲದಲ್ಲಿ ಬಿದ್ದು ನಗ್ತಾ ಎದ್ದು ಬಂದಿದ್ರು, ಆಮೇಲೆ ಇದನ್ನ ಕೊಂಡ್ರು, ಎದೆ ನಿಂತು ಪ್ರಾಣ ಹೋಗಿದ್ದು ಈ ಸೀಟಿನಲ್ಲಿ."