ಅಮ್ಮನ ಫೋನು

ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬೆಳಗುತ್ತಿದ್ದ ಎಲೆಯ ಚಿತ್ರದ ನೆತ್ತಿಗೆ ಒಂದು ಮೆಸೇಜು ಟಣ್ಣೆಂದು ಬಂದು ಕೂತಿತು. ಕಳಿಸಿದವರ ಹೆಸರು ‘ನಮ್ಮನೆಯವರು’ ಎಂದು ಕಂಡದ್ದೇ ತಡ, ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಎದ್ದಿತು. ಅವರವರ ಫೋನಿನಿಂದಲೇ ಪಾಠ ತೋರಿಸಬೇಕೆಂದು ವಿಜ್ಞಾನದ ಟೀಚರ್ ಮಕ್ಕಳಿಗೆ ಹೇಳಿದ್ದರು. ಎಲೆಯ ಪಾಠ ತೋರಿಸುತ್ತಿದ್ದ ಹುಡುಗಿ ಸ್ವಂತ ಫೋನಿಲ್ಲದ್ದರಿಂದ ಅಮ್ಮನದನ್ನು ಕೇಳಿ ತಂದಿದ್ದಳು.

ಹೆಸರಿನ ಕೆಳಗಿನ ಸಾಲನ್ನು ಟೀಚರ್ ಮನಸ್ಸಿನಲ್ಲೇ ಓದಿಕೊಂಡರು. ‘ನಾನಿನ್ನು ಆ ಮನೆಗೆ ಬರಲ್ಲ. ಮಗಳಿಗೆ ನೀನೇ ಹೇಳು.’ ದಡಬಡ ಎದ್ದು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತರು. ಅಕ್ಷರಗಳು ಅವರ ಕೆನ್ನೆ, ಹೆಗಲ ಮೇಲೆ ಚೆಲ್ಲಾಪಿಲ್ಲಿಯಾದವು. “ಏನದು ಟೀಚರ್?” ಎಂದು ಹಿಂದಿನವರು ಕತ್ತು ಚಾಚಿದರು.

“ಏನಿಲ್ಲ, ಸುಮ್ನೆ ಕೂತ್ಕೊಳ್ಳಿ,” ಎಂದು ಗದರಿ ಟೀಚರ್ ಹುಡುಗಿಯ ಕಡೆ ತಿರುಗಿದರು. ಅವಳು ಅಳುತ್ತಿರಲಿಲ್ಲ. ಪ್ರೊಜೆಕ್ಟರಿನ ವೈರನ್ನು ಕಿತ್ತು, ಮೆಸೇಜಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದಳು. ಅಳಿಸಬೇಕೇ ಎಂದು ಫೋನು ಕೇಳುತ್ತಿತ್ತು.

“ಬೇಡ ಪುಟ್ಟಿ. ಅದು ನಿಮ್ಮಮ್ಮ ಓದಬೇಕಾದ್ದು,” ಎಂದು ಟೀಚರ್ ಪಿಸುಗುಟ್ಟಿದರು.

“ಅಮ್ಮ ಇವತ್ತಿಂದ ಹೊಸ ಕೆಲಸಕ್ಕೆ ಹೋಗಿದಾಳೆ ಟೀಚರ್. ಎಷ್ಟೋ ದಿನದ ಮೇಲೆ ಬೆಳಿಗ್ಗೆ ನಗ್ತಾ ನನಗೆ ಜಡೆ ಹಾಕಿದ್ಲು.” ಹುಡುಗಿ ಫೋನನ್ನು ತನ್ನತ್ತ ಎಳೆದುಕೊಂಡಳು. “ಇವತ್ತೊಂದಿನ ಗೊತ್ತಾಗೋದು ಬೇಡ.”

ಫೋನು ತೆಗೆದುಕೊಳ್ಳಲೆಂದು ಟೀಚರ್ ಕೈ ಚಾಚಿದರು. ಆ ಮುಖ ನೋಡಿ ಕೈ ಅರ್ಧಕ್ಕೇ ನಿಂತಿತು. ಹುಡುಗಿ ‘ಅಳಿಸು’ ಎಂಬುದರ ಮೇಲೆ ಹೆಬ್ಬೆರಳು ಒತ್ತಿದಳು.