ಕೆಂಪು ಕಾರಿನ ಕೇಕ್

ಚಾಕು ತಾನಾಗಿಯೇ ಕೈಗೆ ಬರುತ್ತದೆಂದು ಬಡಗಿ ಕನಸಿನಲ್ಲೂ ಎಣಿಸಿರಲಿಲ್ಲ. ತನಗೆ ಬೇಕಾದದ್ದನ್ನು ತಾನೇ ತಂದಿದ್ದ: ಕೋಟಿನ ಒಳಜೇಬಿನಲ್ಲಿ, ಬಟ್ಟೆ ಸುತ್ತಿದ ಉಳಿ. ಬೆಳಿಗ್ಗೆ ಅದನ್ನು ಸಾಣೆಗೆ ಕೊಟ್ಟು, ಮುಂಗೈಯ ಕೂದಲು ಬೋಳಿಸಿ ಹರಿತ ನೋಡಿಕೊಂಡಿದ್ದ. ಇಲ್ಲಿ ನೋಡಿದರೆ ಮನೆಯೊಡತಿಯೇ ಚಾಕು ಹಿಡಿದು ಅವನೆದುರು ನಿಂತಿದ್ದಾಳೆ.

"ನೀವೇ ಸ್ವಲ್ಪ ಕತ್ತರಿಸಿ ಕೊಡ್ತೀರಾ? ನನ್ನ ಕೈಲಿ ಆಗ್ತಿಲ್ಲ," ಎಂದಳು. ಮೇಜಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಒಳಗೆ ಬರುವುದೇ ಕಷ್ಟ ಎಂದುಕೊಂಡಿದ್ದ. ಮನೆಯ ಮಗುವಿನ ಹುಟ್ಟುಹಬ್ಬವೆಂದು ಬಾಗಿಲು ಹಾರುಹೊಡೆದಿತ್ತು. ಗಂಡನ ಕಡೆಯವರು ಅವನನ್ನು ಹೆಂಡತಿಯ ಕಡೆಯವನೆಂದುಕೊಂಡರು, ಹೆಂಡತಿಯ ಕಡೆಯವರು ಗಂಡನ ಕಡೆಯವನೆಂದುಕೊಂಡರು. ಮಗುವಿನ ಅಜ್ಜಿಯಂತೂ "ಎಷ್ಟು ಸೊರಗಿಹೋಗಿದೀಯಪ್ಪಾ!" ಎಂದು ಗುರುತೇ ಹಿಡಿದುಬಿಟ್ಟಳು.

ಮೇಜಿನ ಮೇಲೆ ಕೇಕ್ ಇತ್ತು. ಕೆಂಪು ಕಾರು. ಚಾಕೊಲೇಟಿನ ಚಕ್ರ, ಚಾಕೊಲೇಟಿನ ಸ್ಟಿಯರಿಂಗ್, ಮುಂದೆ ಎರಡು ಹಳದಿ ದೀಪ. ಬಡಗಿಯ ಮೈ ಉರಿದುಹೋಯಿತು.

"ನಮ್ಮ ಪುಟ್ಟಿ ಮಹಾ ಹಠಮಾರಿ," ಅಜ್ಜಿ ಪಿಸುಗುಟ್ಟಿದಳು. "ಅಂಗಡೀಲಿ ಬಿದ್ದು ಹೊರಳಾಡಿಬಿಟ್ಲು. ಏನ್ಮಾಡ್ಲಿ, ಕೊಡಿಸ್ದೆ. ಅವರಮ್ಮ ನೋಡಿದಾಗಿನಿಂದ ಮುಖ ಹಿಂಡ್ಕೊಂಡು ಕೂತಿದಾಳೆ."

ಅವನ ಮಗನನ್ನು ಕೊಂದದ್ದೂ ಕೆಂಪು ಕಾರೇ. ಅಂಗಡಿ ಮುಂದೆ ಬಿಸ್ಕತ್ತು ತಿನ್ನುತ್ತ ನಿಂತಿದ್ದ ಹುಡುಗನನ್ನು ಅದು ಗೋಡೆಗೆ ಒತ್ತಿ ಅರೆದುಹಾಕಿತ್ತು. ಹಿಂದಕ್ಕೆ ಸರಿದು, ಅವನನ್ನು ಅಲ್ಲೇ ಬೀಳಲು ಬಿಟ್ಟು, ಹೊರಟೇಹೋಗಿತ್ತು. ಬಡಗಿ ಓಡಿಬಂದಾಗ ಮಗುವಿನ ಬಾಯಲ್ಲಿ ಬಿಸ್ಕತ್ತು ಇನ್ನೂ ಹಾಗೇ ಇತ್ತು. ಎದೆಯ ಜಾಗದಲ್ಲಿ ಮಾತ್ರ ಎದೆಯಿರಲಿಲ್ಲ.

ಅಂದು ಸಂಜೆ ಈ ಮನೆಯ ಯಜಮಾನ ತಾನೇ ಠಾಣೆಗೆ ಹೋಗಿ ಶರಣಾದ. ಆ ಮಹಾಶಯನ ಹತ್ತಿರ ಲೈಸೆನ್ಸು ಕೂಡ ಇರಲಿಲ್ಲವೆಂಬುದು ಕೋರ್ಟಿನಲ್ಲಿ ಗೊತ್ತಾಯಿತು. ನ್ಯಾಯಾಧೀಶರು ಮುಖಕ್ಕೆ ಮಂಗಳಾರತಿ ಎತ್ತಿದರು. "ತಪ್ಪಾಯ್ತು" ಎಂದನೇ ಹೊರತು ಬೇರೇನಕ್ಕೂ ತುಟಿ ಬಿಚ್ಚಲಿಲ್ಲ. ಹೆಂಡತಿ ಒಂದು ದಿನವೂ ಆ ಕಡೆ ಸುಳಿಯಲಿಲ್ಲ. ಈಗ ಜೈಲಿನಿಂದ ಬಂದಿದ್ದಾನೆ, ಮನೆ ತುಂಬ ಬಲೂನು ಕಟ್ಟಿದ್ದಾನೆ. ಜನ್ಮ ಕೊಟ್ಟ ಯಾವ ಅಪ್ಪ ಇದನ್ನು ಸಹಿಸುತ್ತಾನೆ?

ಬಡಗಿ ಚಾಕು ಇಳಿಸಿದ. ಬಾನೆಟ್ಟು ಸೀಳಿದ, ಬಾಗಿಲು ಸೀಳಿದ. ಒಳಗಿನ ಕೆಂಪು ಜಾಮು ತಟ್ಟೆಗೆ ಇಳಿಯಿತು. ಪ್ರತಿ ಏಟಿಗೂ ಒಬ್ಬನದೇ ಕುತ್ತಿಗೆ ಕಣ್ಣಿಗೆ ಕಟ್ಟುತ್ತಿತ್ತು. ಆದರೂ ಕೈ ತಪ್ಪಲಿಲ್ಲ. ತುಂಡುಗಳು ಅಚ್ಚು ಹಾಕಿದಂತೆ ಬಂದವು. ಮಕ್ಕಳು ಚಕ್ರಕ್ಕಾಗಿ ಕಿತ್ತಾಡಿದರು. ಪುಟ್ಟಿ ಬಲೂನಿನ ಹಿಂದೆ ಓಡಿದ್ದಳು.

"ಯಜಮಾನ್ರು ಕಾಣಿಸ್ತಿಲ್ವಲ್ಲ?" ಎಂದು ಕೇಳಿದ.

"ಒಳಗೆ ಜ್ಯೂಸ್ ಮಾಡ್ತಿದಾರೆ," ಎಂದಳು ಹೆಂಡತಿ. "ಈಗೀಗ ಜನ ಅಂದ್ರೆ ಅವರಿಗೆ ಆಗಲ್ಲ."

"ಇರಲಿ ಬಿಡಮ್ಮ. ಅವರ ಪಾಲು ನಾನೇ ಕೊಟ್ಟು ಬರ್ತೀನಿ."

ಸ್ಟಿಯರಿಂಗ್ ಇದ್ದ ತುಂಡನ್ನು ಆರಿಸಿ ತಟ್ಟೆಗೆ ಹಾಕಿಕೊಂಡ.

ಅಡುಗೆಮನೆಯಲ್ಲಿ ಮಿಕ್ಸಿ ಗುರುಗುಟ್ಟುತ್ತಿತ್ತು. ಯಜಮಾನ ತಿರುಗಿದ. ಮೊದಲು ಬಡಗಿಯ ಮುಖ ನೋಡಿದ, ಆಮೇಲೆ ತಟ್ಟೆ ನೋಡಿದ. ಕೂಗಲಿಲ್ಲ. ಬಂದು ಬಾಗಿಲಿಗೆ ತಾನೇ ಚಿಲಕ ಹಾಕಿದ.

"ಬರ್ತೀರ ಅಂತ ಗೊತ್ತಿತ್ತು," ಎಂದ.

"ನನ್ನ ಮಗ ಏನೋ ಮಾಡಿದ್ದ ನಿನಗೆ?"

"ಏನೂ ಮಾಡಿರಲಿಲ್ಲ." ಯಜಮಾನ ಬಟ್ಟೆಯಿಂದ ಕೈ ಒರೆಸಿಕೊಂಡ. "ಒಂದೇ ಒಂದು ಕೇಳ್ಕೊಳ್ತೀನಿ. ಇದು ನನ್ನ ಜೊತೆಗೇ ಮುಗಿದುಹೋಗ್ಲಿ. ಈ ಮನೇಲಿ ಬೇರೆ ಯಾರನ್ನೂ ಮುಟ್ಬೇಡಿ."

"ನಾನೇನು ನಿನ್ನ ಹಾಗೆ ಮಕ್ಕಳನ್ನ ಕೊಲ್ಲೋನಾ?"

ಉಳಿ ಪಕ್ಕೆಲುಬಿನ ಕೆಳಗೆ ಹಿಡಿಯವರೆಗೂ ಹೋಯಿತು. ಯಜಮಾನ ಕೈ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದ. ಬಡಗಿ ಉಳಿಯನ್ನು ಕಿತ್ತು ಮತ್ತೆ ಇರಿದ. ಒದೆಯುತ್ತಾನೆ, ಕಾಲು ಹಿಡಿಯುತ್ತಾನೆ ಎಂದು ಕಾದ. ಅವನು ಏನೂ ಮಾಡಲಿಲ್ಲ. ಅದರಿಂದ ಸಿಟ್ಟು ನೆತ್ತಿಗೇರಿ, ಮೂರನೆಯದನ್ನು ಕುತ್ತಿಗೆಗೇ ಹಾಕಿದ. ಬಿಳಿ ಕಪಾಟಿನ ಮೇಲೆ ರಕ್ತ ಚಿಮ್ಮಿತು. ಯಜಮಾನ ಅದಕ್ಕೇ ಒರಗಿ ಜಾರಿ, ನೆಲದ ಮೇಲೆ ಕುಳಿತ. ಕಣ್ಣು ಬಾಗಿಲ ಕಡೆಗೇ ಇತ್ತು. ಸ್ವಲ್ಪ ಹೊತ್ತಿಗೆ ಆ ಕಣ್ಣಿನಲ್ಲಿ ನೋಟವಿರಲಿಲ್ಲ.

ಬಡಗಿ ಕೈ ತೊಳೆದ. ಕರಿ ಕೋಟಿನ ಮೇಲೆ ಕೆಂಪು ಕಾಣುತ್ತಿರಲಿಲ್ಲ. ಮಿಕ್ಸಿ ಆರಿಸಿ ಹೊರಬಂದು ಬಾಗಿಲು ಎಳೆದುಕೊಂಡ. ಇಲ್ಲಿಂದ ನೆಟ್ಟಗೆ ಠಾಣೆಗೆ ಹೋಗುವುದೆಂದು ಮೊದಲೇ ನಿಶ್ಚಯಿಸಿದ್ದ. ಮಗ ಹೋದಂದಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಂತಾಗಿ, ಉಸಿರು ಸಲೀಸಾಗಿ ಆಡಿತು. ಒಬ್ಬನೇ ಒಬ್ಬ ತಪ್ಪಿತಸ್ಥ, ಅವನಿಗೆ ಶಿಕ್ಷೆಯಾಯಿತು, ಲೆಕ್ಕ ಚುಕ್ತಾ.

ಹೊರಬಾಗಿಲಿಗೆ ಅಡ್ಡವಾಗಿ ಪುಟ್ಟಿ ನಿಂತಿದ್ದಳು. ಗಲ್ಲದ ತುಂಬ ಕೆನೆ, ಸೊಂಟದ ಮೇಲೆ ಕೈ.

"ಅಂಕಲ್, ಸ್ಟಿಯರಿಂಗ್ ಇರೋ ತುಂಡು ಯಾರಿಗೆ ಕೊಟ್ರಿ?"

"ನಿಮ್ಮಪ್ಪಂಗೆ ಕಣಮ್ಮ."

"ಅಯ್ಯೋ, ಅದು ಅಮ್ಮಂದು! ಅಪ್ಪಂಗೆ ಕಾರು ಓಡ್ಸೋಕೇ ಬರಲ್ಲ, ಯಾವಾಗ್ಲೂ ಅಮ್ಮಾನೇ ಓಡಿಸ್ತಿದ್ದಿದ್ದು."